ನನ್ನ ಸಿಟ್ಟು ಯಾರ ಬಾಗಿಲು ತಟ್ಟಿತು?

2019ರ ಫೆಬ್ರುವರಿ 16, ಶನಿವಾರ. ಮದ್ದೂರಿನ ಹೆದ್ದಾರಿ ಬದಿಯಲ್ಲಿ ನಾನು, ಅಪ್ಪ ಮತ್ತು ನಮ್ಮೂರಿನ ಹದಿನೈದಿಪ್ಪತ್ತು ಜನ ಕಾಯುತ್ತಾ ನಿಂತಿದ್ದೆವು. ರಸ್ತೆಯ ಎರಡೂ ಕಡೆ ಕಣ್ಣು ಹಾಯಿಸಿದಷ್ಟು ದೂರ ಜನವೇ ಜನ. ಶಾಲೆ ಮಕ್ಕಳ ಕೈಯಲ್ಲಿ ಕಾಗದದ ಬಾವುಟ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಸೆರಗಿನಲ್ಲಿ ಸೇವಂತಿಗೆ ಹೂವು ಕಟ್ಟಿಕೊಂಡು ಬಂದಿದ್ದರು. ‘ನಿಮ್ಮ ಸಂಬಂಧಿಕರಾ ಅಜ್ಜಿ?’ ಎಂದು ಕೇಳಿದೆ. ‘ಯಾರಾದ್ರೇನು ಮಗಾ, ಹೆತ್ತ ಕರುಳು ಯಾರ್ದಾದ್ರೂ ಒಂದೇ ಅಲ್ವಾ’ ಅಂದರು.

ಪುಲ್ವಾಮಾ ದಾಳಿಯಲ್ಲಿ ಹುತಾತ್ಮರಾದ 40 ಮಂದಿ ಸಿಆರ್‌ಪಿಎಫ್ ಯೋಧರಲ್ಲಿ ನಮ್ಮ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಕೂಡ ಒಬ್ಬರು. ಅವರ ಪಾರ್ಥಿವ ಶರೀರ ಹೊತ್ತ ವಾಹನ ಬೆಂಗಳೂರಿನಿಂದ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ವಾಹನ ನಮ್ಮ ಮುಂದೆ ಹಾದುಹೋಗಿದ್ದು ಅರ್ಧ ನಿಮಿಷವೂ ಇಲ್ಲ. ಹುಟ್ಟಿದಾಗಿನಿಂದ ಯಾವ ಮೆರವಣಿಗೆಯಲ್ಲೂ ಬಾಯಿ ತೆರೆಯದ ನನ್ನ ಅಪ್ಪ ಆ ಅರ್ಧ ನಿಮಿಷದಲ್ಲಿ ಗಂಟಲು ಹರಿಯುವಂತೆ ‘ಗುರು ಅಮರ್ ರಹೇ’ ಎಂದು ಕೂಗಿದರು. ಕೂಗಿದ ಮೇಲೆ ಮುಖ ತಿರುಗಿಸಿಕೊಂಡರು. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಅದೇ ರಾತ್ರಿ, ಅಲ್ಲಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಬೆಂಗಳೂರಿನ ಹೊರವಲಯದ ನನ್ನ ಹಾಸ್ಟೆಲ್‌ನಲ್ಲಿ ಐದಾರು ಹುಡುಗರು ಒಂದು ಬಾಗಿಲನ್ನು ಒದೆಯುತ್ತಿದ್ದರು. ಆ ಬಾಗಿಲಿಗೆ ಅವರನ್ನು ಕಳಿಸಿದ್ದವನು ನಾನು. ಬಹಳ ದಿನ ಯಾರಿಗೂ ಹೇಳದ ಈ ಮಾತನ್ನು ಇಂದು ಬರೆಯುತ್ತಿದ್ದೇನೆ.

*

ಎರಡು ದಿನ ಹಿಂದಕ್ಕೆ ಹೋಗುತ್ತೇನೆ. ಫೆಬ್ರುವರಿ 14, ಗುರುವಾರ. ನಾವು ನಾಲ್ಕನೇ ಸೆಮಿಸ್ಟರ್‌ನವರು ಲ್ಯಾಬ್ ಮುಗಿಸಿ ಕ್ಯಾಂಟೀನಿನಲ್ಲಿ ಕೂತಿದ್ದೆವು. ಪ್ರೇಮಿಗಳ ದಿನ ಬೇರೆ, ಯಾರು ಯಾರಿಗೆ ಗುಲಾಬಿ ಕೊಟ್ಟರು ಎಂಬ ತಮಾಷೆ ನಡೆದಿತ್ತು. ಅಷ್ಟರಲ್ಲಿ ಮೊಬೈಲ್‌ಗಳು ಒಂದರ ಹಿಂದೊಂದು ಸದ್ದು ಮಾಡತೊಡಗಿದವು. ಜಮ್ಮು–ಶ್ರೀನಗರ ಹೆದ್ದಾರಿಯ ಲೇತ್‌ಪೊರಾದಲ್ಲಿ ಸ್ಫೋಟಕ ತುಂಬಿದ ಕಾರು ಸಿಆರ್‌ಪಿಎಫ್ ಬಸ್ಸಿಗೆ ಅಪ್ಪಳಿಸಿತ್ತು. ಹಿಮ ಮತ್ತು ಮಳೆಯಿಂದ ಕೆಲ ದಿನ ಹೆದ್ದಾರಿ ಬಂದ್ ಆಗಿದ್ದರಿಂದ ಅಂದು ಒಂದೇ ಸಲ 78 ವಾಹನಗಳಲ್ಲಿ 2,500ಕ್ಕೂ ಹೆಚ್ಚು ಯೋಧರು ಹೊರಟಿದ್ದರು. ರಜೆ ಮುಗಿಸಿ ಕರ್ತವ್ಯಕ್ಕೆ ಮರಳುತ್ತಿದ್ದವರೇ ಅದರಲ್ಲಿ ಬಹಳ ಮಂದಿ. ಪಾಕಿಸ್ತಾನದಲ್ಲಿ ನೆಲೆಯಿರುವ ಜೈಷ್–ಎ–ಮೊಹಮ್ಮದ್ ದಾಳಿಯ ಹೊಣೆ ಹೊತ್ತಿತು. ಕಾರು ನುಗ್ಗಿಸಿದವನು ಪುಲ್ವಾಮಾ ಜಿಲ್ಲೆಯ ಹಳ್ಳಿಯೊಂದರ ಹುಡುಗ, ಹೆಚ್ಚುಕಮ್ಮಿ ನಮ್ಮದೇ ವಯಸ್ಸಿನವನು.

ಮರುದಿನ ಸಂಜೆ ಕ್ಯಾಂಪಸ್ಸಿನಲ್ಲಿ ಮೇಣದಬತ್ತಿ ಮೆರವಣಿಗೆ. ಇಡೀ ದೇಶದಲ್ಲಿ ಅಂದು ನಡೆದಿದ್ದೂ ಅದೇ. ನನಗೆ ಅತ್ತು ಹಗುರಾಗಬೇಕು ಅನ್ನಿಸುತ್ತಿತ್ತು, ಯಾರಿಗಾದರೂ ಹೊಡೆಯಬೇಕು ಅಂತಲೂ ಅನ್ನಿಸುತ್ತಿತ್ತು. ಗುರು ಅವರು ನಮ್ಮ ಕಡೆಯವರು ಎಂದು ತಿಳಿದ ಮೇಲಂತೂ ನನ್ನ ಸಿಟ್ಟಿಗೆ ಒಂದು ಅಧಿಕಾರವೇ ಸಿಕ್ಕಂತಾಗಿತ್ತು. ಗೆಳೆಯರೆಲ್ಲ ನನ್ನನ್ನು ‘ನಿಮ್ಮೂರವ್ರಂತಲ್ಲೋ’ ಎಂದು ಕೇಳುತ್ತಿದ್ದರು. ನಾನು ಎದೆ ಉಬ್ಬಿಸಿ ಹೌದು ಅನ್ನುತ್ತಿದ್ದೆ. ಆದರೆ ಅದುವರೆಗೆ ಅವರ ಹೆಸರನ್ನೇ ಕೇಳಿರಲಿಲ್ಲ.

ಆ ರಾತ್ರಿ ವಾಟ್ಸ್‌ಆ್ಯಪ್‌ಗೆ ಒಂದು ಚಿತ್ರ ಬಂತು. ಛಿದ್ರವಾದ ದೇಹಗಳ ಚಿತ್ರ, ಕೆಳಗೆ ರಕ್ತ ಕುದಿಸುವ ನಾಲ್ಕು ಸಾಲು. ಎಲ್ಲಿಯದು, ಯಾರು ತೆಗೆದದ್ದು ಎಂದು ಯೋಚಿಸಲಿಲ್ಲ. ನಾಲ್ಕು ಗ್ರೂಪ್‌ಗಳಿಗೆ ಫಾರ್ವರ್ಡ್ ಮಾಡಿದೆ. ಹಾಸ್ಟೆಲ್ ಗ್ರೂಪ್‌ನಲ್ಲಿ ಅದರ ಕೆಳಗೆ ನನ್ನದೂ ಒಂದು ಸಾಲು ಸೇರಿಸಿದೆ: ‘ನಮ್ಮಲ್ಲೂ ಒಬ್ಬ ಇದಾನಲ್ಲ ಅಲ್ಲಿಯೋನು. ಅವನನ್ನ ಕೇಳ್ರೋ ಇದೇನು ಅಂತ.’

ಇಪ್ಪತ್ತಮೂರು ಥಂಬ್ಸ್‌ಅಪ್ ಬಂದವು. ಬೆಳಿಗ್ಗೆ ಬಸ್ ಹತ್ತಿ ಊರಿಗೆ ಹೋದೆ, ಯೋಧನಿಗೆ ಗೌರವ ಸಲ್ಲಿಸಲು.

*

‘ಅಲ್ಲಿಯೋನು’ ಎಂದರೆ ಕುಲ್ಗಾಮ್ ಜಿಲ್ಲೆಯ ಹುಡುಗ. ಸಿವಿಲ್ ವಿಭಾಗ, ನನಗಿಂತ ಒಂದು ವರ್ಷ ಚಿಕ್ಕವನು. ಜಮ್ಮು–ಕಾಶ್ಮೀರದ ವಿದ್ಯಾರ್ಥಿಗಳು ಹೊರರಾಜ್ಯಗಳಲ್ಲಿ ಓದಲೆಂದೇ ಇರುವ ಪ್ರಧಾನಮಂತ್ರಿಗಳ ವಿಶೇಷ ವಿದ್ಯಾರ್ಥಿವೇತನದಲ್ಲಿ ಬಂದವನು. ನನ್ನ ಕೋಣೆಯಿಂದ ನಾಲ್ಕನೆಯದು ಅವನದು. ಕನ್ನಡದಲ್ಲಿ ಅವನಿಗೆ ಬರುತ್ತಿದ್ದುದು ಒಂದೇ ವಾಕ್ಯ: ‘ಭಟ್ರೇ, ಇನ್ನೊಂದು ಚಪಾತಿ.’ ಮೆಸ್‌ನಲ್ಲಿ ಅವನು ಹಾಗೆ ಕೇಳಿದಾಗಲೆಲ್ಲ ನಾವು ನಗುತ್ತಿದ್ದೆವು, ಅವನೂ ನಗುತ್ತಿದ್ದ.

ಭಾನುವಾರ ರಾತ್ರಿ ಹಾಸ್ಟೆಲ್‌ಗೆ ಮರಳಿದಾಗ ಅವನ ಕೋಣೆಗೆ ಬೀಗ ಬಿದ್ದಿತ್ತು. ಬಾಗಿಲ ಮೇಲೆ ಕಪ್ಪು ಮಾರ್ಕರ್‌ನಲ್ಲಿ ‘ದೇಶದ್ರೋಹಿ’ ಎಂದು ಬರೆದಿತ್ತು. ಏನಾಯಿತು ಎಂದು ರೂಮ್‌ಮೇಟ್ ಹೇಳಿದ. ಹುಡುಗರು ಅವನನ್ನು ಹೊರಗೆ ಬಂದು ಘೋಷಣೆ ಕೂಗು ಎಂದಿದ್ದಾರೆ. ಅವನು ಮಂಚವನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡಿದ್ದಾನೆ. ವಾರ್ಡನ್ ಬರಲು ಅರ್ಧ ಗಂಟೆ ಹಿಡಿದಿದೆ. ಬೆಳಿಗ್ಗೆ ಯಾರೋ ಪರಿಚಯದವರು ಬಂದು ಕರೆದುಕೊಂಡು ಹೋಗಿದ್ದಾರೆ. ‘ನೀನಿರ್ಬೇಕಿತ್ತು ಮಗಾ’ ಎಂದ ರೂಮ್‌ಮೇಟ್. ಹೊಗಳಿಕೆಯ ಧಾಟಿಯಲ್ಲಿಯೇ ಹೇಳಿದ್ದ.

ಸೋಮವಾರ ಇನ್ನೊಂದು ಸುದ್ದಿ ಓದಿದೆ. ದೇಹದ ಭಾಗಗಳ ನಕಲಿ ಚಿತ್ರಗಳನ್ನು ಹರಿಬಿಟ್ಟು ದ್ವೇಷ ಹರಡಲಾಗುತ್ತಿದೆ, ದಯವಿಟ್ಟು ಅಂಥವನ್ನು ಹಂಚಬೇಡಿ ಎಂದು ಜನರನ್ನು ಕೇಳಿಕೊಂಡಿದ್ದು ಬೇರಾರೂ ಅಲ್ಲ, ಸ್ವತಃ ಸಿಆರ್‌ಪಿಎಫ್. ನಾನು ಕಳಿಸಿದ ಚಿತ್ರ ತೆರೆದು ನೋಡಿದೆ. ಅದರಲ್ಲಿ ಬಸ್ಸೂ ಇರಲಿಲ್ಲ, ಹೆದ್ದಾರಿಯೂ ಇರಲಿಲ್ಲ. ಎಲ್ಲಿಯದೋ, ಯಾವ ಕಾಲದ್ದೋ. ಅಳಿಸಲು ಹೋದೆ. ‘ಡಿಲೀಟ್ ಫಾರ್ ಎವರಿಒನ್’ ಆಯ್ಕೆಯೇ ಬರಲಿಲ್ಲ. ಸಮಯ ಮೀರಿತ್ತು.

ನನ್ನನ್ನು ಇನ್ನೂ ಕುಗ್ಗಿಸಿದ್ದು ಬೇರೊಂದು ವಿಷಯ. ಸಿಆರ್‌ಪಿಎಫ್‌ಗೆ ‘ಮದದ್‌ಗಾರ್’ ಎಂಬ ಸಹಾಯವಾಣಿ ಇದೆ, ಸಂಖ್ಯೆ 14411. ಕಾಶ್ಮೀರದ ಜನರ ಕಷ್ಟಕ್ಕೆಂದು 2017ರಲ್ಲಿ ಆರಂಭಿಸಿದ್ದು. ಪುಲ್ವಾಮಾ ದಾಳಿಯಾದ ಎರಡೇ ದಿನಕ್ಕೆ, ಅಂದರೆ ಅದೇ 16ರಂದು, ಹೊರರಾಜ್ಯಗಳಲ್ಲಿರುವ ಕಾಶ್ಮೀರಿ ವಿದ್ಯಾರ್ಥಿಗಳಿಗೆ ತೊಂದರೆಯಾದರೆ ಹಗಲಿರುಳು ಯಾವಾಗ ಬೇಕಾದರೂ ಈ ಸಂಖ್ಯೆಗೆ ಕರೆ ಮಾಡಿ ಎಂದು ಅದು ಪ್ರಕಟಿಸಿತು. ಯೋಚಿಸಿ ನೋಡಿ. 40 ಜನ ಸಹೋದ್ಯೋಗಿಗಳ ಚಿತೆ ಆರುವ ಮೊದಲೇ ಆ ಪಡೆ ಕಾಶ್ಮೀರದ ಹುಡುಗರನ್ನು ಕಾಯಲು ಫೋನ್ ಹಿಡಿದು ಕೂತಿತ್ತು. ಅದೇ ಯೋಧರ ಹೆಸರಿನಲ್ಲಿ ನಾನು ಅಂಥದೇ ಒಬ್ಬ ಹುಡುಗನ ಬಾಗಿಲಿಗೆ ಜನ ಕಳಿಸಿದ್ದೆ. ಅವರ ಪರ ಎಂದುಕೊಂಡು ಅವರ ಕೆಲಸಕ್ಕೇ ಅಡ್ಡ ನಿಂತಿದ್ದೆ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಗೆಳೆಯನ ಬೈಕ್‌ನಿಂದ ಸ್ವಲ್ಪ ಪೆಟ್ರೋಲ್ ತೆಗೆದು ಬಟ್ಟೆಗೆ ಅದ್ದಿ ಬಾಗಿಲನ್ನು ಉಜ್ಜಿದೆ. ಅಕ್ಷರ ಹೋಯಿತು. ಕಲೆ ಉಳಿಯಿತು.

*

ಆ ವಾರ ಇದು ನಮ್ಮ ಹಾಸ್ಟೆಲ್ ಒಂದರ ಕಥೆಯಾಗಿರಲಿಲ್ಲ. ಜಮ್ಮುವಿನಲ್ಲಿ ವಾಹನಗಳಿಗೆ ಬೆಂಕಿ ಬಿದ್ದು ಕರ್ಫ್ಯೂ ಹಾಕಬೇಕಾಯಿತು. ಡೆಹ್ರಾಡೂನ್‌ನಲ್ಲಿ ಓದುತ್ತಿದ್ದ ಕಾಶ್ಮೀರಿ ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟಿದರು. ಫೆಬ್ರುವರಿ 22ರಂದು ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿ, ಕಾಶ್ಮೀರಿಗಳ ಮೇಲೆ ಹಲ್ಲೆ ನಡೆಯದಂತೆ ನೋಡಿಕೊಳ್ಳಿ ಎಂದು ರಾಜ್ಯಗಳಿಗೆ ಸೂಚಿಸಿತು. ನಮ್ಮ ಹೋರಾಟ ಕಾಶ್ಮೀರಕ್ಕಾಗಿಯೇ ಹೊರತು ಕಾಶ್ಮೀರಿಗಳ ವಿರುದ್ಧ ಅಲ್ಲ ಎಂದು ಮರುದಿನ ಪ್ರಧಾನಿಯೇ ರಾಜಸ್ಥಾನದ ಟೋಂಕ್‌ನಲ್ಲಿ ಹೇಳಬೇಕಾಯಿತು. ಆದರೂ ಮಾರ್ಚ್‌ನಲ್ಲಿ ಲಖನೌದ ಸೇತುವೆಯೊಂದರ ಮೇಲೆ ಒಣಹಣ್ಣು ಮಾರುತ್ತಿದ್ದ ಕಾಶ್ಮೀರಿಗಳಿಗೆ ಥಳಿಸಿದರು.

ಹಾಗಾದರೆ ಸಿಟ್ಟೇ ತಪ್ಪೇ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಮದ್ದೂರಿನ ಅಜ್ಜಿಯ ಸೇವಂತಿಗೆ, ಅಪ್ಪನ ಆ ಕೂಗು ಯಾವುದೂ ಸುಳ್ಳಲ್ಲ. ಜನ ಸಿಟ್ಟಾಗದೇ ಇದ್ದಿದ್ದರೆ ಕೆಲವು ಒಳ್ಳೆಯ ಕೆಲಸಗಳೂ ಆಗುತ್ತಿರಲಿಲ್ಲವೇನೋ. ಇಷ್ಟೊಂದು ಯೋಧರನ್ನು ಬಸ್ಸಿನಲ್ಲಿ ತುಂಬಿ ಒಂದೇ ರಸ್ತೆಯಲ್ಲಿ ಏಕೆ ಕಳಿಸಿದಿರಿ ಎಂದು ದೇಶವೇ ಕೇಳಿತು. ದಾಳಿಯಾಗಿ ಒಂದು ವಾರಕ್ಕೆ, ಫೆಬ್ರುವರಿ 21ರಂದು, ದೆಹಲಿ–ಶ್ರೀನಗರ ಮತ್ತು ಜಮ್ಮು–ಶ್ರೀನಗರ ನಡುವೆ ಕೇಂದ್ರೀಯ ಪಡೆಗಳ ಎಲ್ಲರೂ ವಿಮಾನದಲ್ಲಿ ಪ್ರಯಾಣಿಸಬಹುದು ಎಂದು ಗೃಹ ಸಚಿವಾಲಯ ಆದೇಶ ಹೊರಡಿಸಿತು. ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್, ಎಎಸ್‌ಐ ದರ್ಜೆಯ ಸುಮಾರು 7.8 ಲಕ್ಷ ಸಿಬ್ಬಂದಿಗೆ ಇದರ ಪ್ರಯೋಜನ ಸಿಕ್ಕಿತು. ಜೈಷ್ ಮುಖ್ಯಸ್ಥ ಮಸೂದ್ ಅಜರ್‌ನನ್ನು ಮೇ 1ರಂದು ವಿಶ್ವಸಂಸ್ಥೆ ಜಾಗತಿಕ ಭಯೋತ್ಪಾದಕರ ಪಟ್ಟಿಗೆ ಸೇರಿಸಿತು. ಪ್ರಶ್ನೆ ಕೇಳಿದ ಸಿಟ್ಟು ಯೋಧನಿಗೆ ವಿಮಾನದ ಟಿಕೆಟ್ ಕೊಡಿಸಿತು. ಪ್ರಶ್ನೆ ಕೇಳದ ನನ್ನ ಸಿಟ್ಟು ಒಂದು ಮರದ ಬಾಗಿಲನ್ನು ಒದೆಯಿತು.

ಇನ್ನೊಂದನ್ನೂ ಗಮನಿಸಿದೆ. ನಮ್ಮ ಸಿಟ್ಟಿಗೆ ಆಯುಸ್ಸು ಕಡಿಮೆ. ಫೆಬ್ರುವರಿ 18ರಂದು ಪುಲ್ವಾಮಾದ ಪಿಂಗ್ಲೆನಾದಲ್ಲಿ ಉಗ್ರರೊಂದಿಗೆ ಗುಂಡಿನ ಚಕಮಕಿ ನಡೆದು ಮೇಜರ್ ಸೇರಿ ನಾಲ್ವರು ಸೈನಿಕರು ಪ್ರಾಣ ತೆತ್ತರು. ಅವರಿಗಾಗಿ ನಮ್ಮ ಕ್ಯಾಂಪಸ್ಸಿನಲ್ಲಿ ಯಾರೂ ಮೇಣದಬತ್ತಿ ಹಚ್ಚಲಿಲ್ಲ. ನಾನೂ ಹಚ್ಚಲಿಲ್ಲ. ಆಮೇಲೆ ಇಂಟರ್ನಲ್ಸ್ ಬಂತು, ಚುನಾವಣೆ ಬಂತು, ವಿಶ್ವಕಪ್ ಬಂತು. ಸ್ಟೇಟಸ್‌ನಲ್ಲಿದ್ದ ಕಪ್ಪು ಚಿತ್ರ ಯಾವಾಗ ಬದಲಾಯಿತು ಎಂಬುದು ನನಗೇ ನೆನಪಿಲ್ಲ.

*

ಅದೇ ಹೊತ್ತಿನಲ್ಲಿ ಒಬ್ಬ ಮಾತ್ರ ಬೇರೆ ರೀತಿ ಇದ್ದ. ನಮ್ಮೂರಿನ ಗೆಳೆಯ. ಪಿಯುಸಿವರೆಗೆ ಒಟ್ಟಿಗೆ ಓದಿದವರು ನಾವು. ನಾನು ಎಂಜಿನಿಯರಿಂಗ್ ಸೇರಿದೆ, ಅವನು ಅಪ್ಪನ ಜೊತೆ ಕಬ್ಬಿನ ಗದ್ದೆಗಿಳಿದ. ಎಸ್‌ಎಸ್‌ಸಿ ನಡೆಸುವ ಜಿಡಿ ಕಾನ್‌ಸ್ಟೆಬಲ್ ಪರೀಕ್ಷೆಗೆ ಅರ್ಜಿ ಹಾಕಿದ್ದ. ಸಿಆರ್‌ಪಿಎಫ್, ಬಿಎಸ್‌ಎಫ್‌ಗಳಿಗೆ ಜವಾನರು ಆಯ್ಕೆಯಾಗುವುದು ಇದೇ ಪರೀಕ್ಷೆಯಿಂದ. ಸುಮಾರು 55 ಸಾವಿರ ಹುದ್ದೆಗೆ 50 ಲಕ್ಷಕ್ಕೂ ಹೆಚ್ಚು ಅರ್ಜಿ. ಆ ಪರೀಕ್ಷೆ ನಡೆದದ್ದು 2019ರ ಫೆಬ್ರುವರಿ 11ರಿಂದ ಮಾರ್ಚ್ 11ರವರೆಗೆ. ಅಂದರೆ ಪುಲ್ವಾಮಾದ ಚಿತ್ರಗಳು ಟಿ.ವಿಯಲ್ಲಿ ಓಡುತ್ತಿದ್ದಾಗಲೇ ಲಕ್ಷಾಂತರ ಹುಡುಗ ಹುಡುಗಿಯರು ಅದೇ ಸಮವಸ್ತ್ರಕ್ಕಾಗಿ ಸಾಲಿನಲ್ಲಿ ನಿಂತಿದ್ದರು.

ಅಂತ್ಯಕ್ರಿಯೆಯ ದಿನ ಮದ್ದೂರಿನಲ್ಲಿ ಅವನೂ ನಮ್ಮ ಜೊತೆ ನಿಂತಿದ್ದ. ನಾನು ಒಂದೇ ಸಮನೆ ಯುದ್ಧ, ಸೇಡು ಎಂದು ಮಾತಾಡುತ್ತಿದ್ದೆ. ಅವನು ಕೇಳಿ ಕೇಳಿ ಕೊನೆಗೆ ಅಂದ: ‘ಸಿಟ್ ಮಾಡ್ಕೊಂಡು ಕೂರಕ್ಕೆ ನಿಂಗೆ ಟೈಮದೆ ಕಣ್ಲಾ. ನಾನು 24 ನಿಮಿಷದಲ್ಲಿ 5 ಕಿಲೋಮೀಟರ್ ಓಡ್ಬೇಕು.’

‘ಇದನ್ನೆಲ್ಲ ನೋಡಿದ ಮೇಲೂ ಹೋಗ್ತೀಯಾ?’ ಎಂದೆ. ‘ಹೋಗ್ತೀನಿ. ಅವ್ವಂಗೆ ಮಾತ್ರ ಟಿ.ವಿ ಹಾಕ್ಬ್ಯಾಡ ಅಂದಿವ್ನಿ’ ಅಂದ.

ಅವನಿಂದಲೇ ನನಗೆ ಹಲವು ವಿಷಯ ಗೊತ್ತಾಗಿದ್ದು. ಸಿಆರ್‌ಪಿಎಫ್ ಸೇನೆಯ ಭಾಗ ಎಂದೇ ನಾನು ತಿಳಿದಿದ್ದೆ. ಅದು ಗೃಹ ಸಚಿವಾಲಯದ ಕೆಳಗಿದೆ. 2004ರ ಜನವರಿ 1ರಿಂದ ಈಚೆಗೆ ಸೇರಿದವರಿಗೆ ಆಗ ಸೇನೆಯವರಿಗಿದ್ದ ಹಳೆಯ ಪಿಂಚಣಿ ಇರಲಿಲ್ಲ, ಇದ್ದದ್ದು ಎನ್‌ಪಿಎಸ್. ಜಿಡಿ ಪರೀಕ್ಷೆ ಆಗ ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದ ಅವನು ಹಿಂದಿ ಸಿನಿಮಾ ನೋಡಿ ನೋಡಿ ತಯಾರಿ ಮಾಡಿದ್ದ. ಲಿಖಿತ ಪರೀಕ್ಷೆ ಪಾಸಾದ, ಓಟ ಪಾಸಾದ. ಒಂದು ವರ್ಷ ಕಳೆದರೂ ಅಂತಿಮ ಫಲಿತಾಂಶ ಬರಲಿಲ್ಲ. ಯೋಧರಿಗಾಗಿ ರಸ್ತೆಗಿಳಿದ ನಾವು ಯೋಧನಾಗಲು ಕಾದು ಕೂತವನ ಬಗ್ಗೆ ಒಂದು ಪೋಸ್ಟ್ ಆದರೂ ಹಾಕಿದ್ದೇವೆಯೇ? ಸತ್ತ ಮೇಲೆ ಅಷ್ಟು ಪ್ರೀತಿಸುವ ನಮಗೆ ಅವರು ಬದುಕಿರುವಾಗ ಸಂಬಳ ಎಷ್ಟು, ರಜೆ ಎಷ್ಟು, ನಿವೃತ್ತಿಯ ನಂತರ ಏನು ಎಂಬುದು ಬೇಡವಾಗಿದೆ. ನಮ್ಮ ಸಿಟ್ಟಿಗೆ ಮಾಡಲು ಬೇಕಾದಷ್ಟು ಕೆಲಸ ಇಲ್ಲಿಯೇ ಬಿದ್ದಿದೆ.

*

ಕುಲ್ಗಾಮ್‌ನ ಹುಡುಗ ಹತ್ತು ದಿನ ಬಿಟ್ಟು ಹಾಸ್ಟೆಲ್‌ಗೆ ಮರಳಿದ. ಭಟ್ಟರ ಹತ್ತಿರ ಚಪಾತಿ ಕೇಳುವುದನ್ನು ನಿಲ್ಲಿಸಿದ್ದ. ಬಡಿಸಿದಷ್ಟು ತಿಂದು ಎದ್ದು ಹೋಗುತ್ತಿದ್ದ. ಎದುರಾದಾಗ ನಾನು ಮೊಬೈಲ್ ನೋಡುವವನಂತೆ ತಲೆ ತಗ್ಗಿಸುತ್ತಿದ್ದೆ. ಹೀಗೇ ಆರು ತಿಂಗಳು ಕಳೆಯಿತು.

ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ಫೋನ್, ಇಂಟರ್ನೆಟ್ ಎಲ್ಲವೂ ಬಂದ್ ಆಯಿತು. ಮನೆಯವರ ದನಿ ಕೇಳದೆ ಅವನು ವಾರಗಟ್ಟಲೆ ಇದ್ದ. ಒಂದು ರಾತ್ರಿ ಮೆಸ್‌ನಲ್ಲಿ ಒಬ್ಬನೇ ಕೂತಿದ್ದ. ನಾನು ತಟ್ಟೆ ಹಿಡಿದು ಹೋಗಿ ಎದುರಿಗೆ ಕೂತೆ. ನನ್ನ ಹರುಕು ಮುರುಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ: ಚಿತ್ರ, ಅದರ ಕೆಳಗಿನ ಸಾಲು, ನಾನು ಊರಿಗೆ ಹೋಗಿದ್ದು. ಅವನು ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. ‘ಗೊತ್ತು’ ಎಂದ. ‘ನೀನು ಬರೆದಿದ್ದರ ಸ್ಕ್ರೀನ್‌ಶಾಟ್ ಅವತ್ತೇ ನನಗೂ ಬಂದಿತ್ತು.’ ಮಜ್ಜಿಗೆ ಕುಡಿದು ಎದ್ದು ಹೋದ.

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಇಂದಿಗೂ ಹೇಳಿಲ್ಲ. ಆದರೆ ಎರಡು ದಿನದ ನಂತರ ತಾನಾಗಿಯೇ ಬಂದು ಅದೇ ಟೇಬಲ್ಲಿಗೆ ಕೂತ. ಒಮ್ಮೆ ಮಾತಿನ ನಡುವೆ ಕೇಳಿದ: ‘2019ರ ಗಣರಾಜ್ಯೋತ್ಸವದಲ್ಲಿ ಅಶೋಕ ಚಕ್ರ ಯಾರಿಗೆ ಬಂತು ಹೇಳು?’

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಿಮಗೆ ಉತ್ತರ ಗೊತ್ತಿರಬಹುದು. ನನಗೂ ಹೆಸರು ಬಾಯಿಪಾಠವಿತ್ತು: ಲ್ಯಾನ್ಸ್ ನಾಯಕ್ ನಜೀರ್ ಅಹ್ಮದ್ ವಾನಿ. ‘ಎಲ್ಲಿಯವರು?’ ಎಂದ. ಗೊತ್ತಿರಲಿಲ್ಲ. ‘ನಮ್ಮ ಜಿಲ್ಲೆಯವರು’ ಎಂದ.

ಕುಲ್ಗಾಮ್ ಜಿಲ್ಲೆಯ ಅಶ್ಮುಜಿ ಕಡೆಯವರು ವಾನಿ. ಒಂದು ಕಾಲಕ್ಕೆ ಉಗ್ರರ ದಾರಿ ಹಿಡಿದಿದ್ದವರು. ಆ ದಾರಿ ಬಿಟ್ಟು 2004ರಲ್ಲಿ ಟೆರಿಟೋರಿಯಲ್ ಆರ್ಮಿ ಸೇರಿದರು. ಎರಡು ಬಾರಿ ಸೇನಾ ಪದಕ ಪಡೆದರು. 2018ರ ನವೆಂಬರ್ 25ರಂದು ಶೋಪಿಯಾನ್‌ನಲ್ಲಿ ಉಗ್ರರ ಜೊತೆ ಹೋರಾಡುತ್ತಾ ಪ್ರಾಣ ಕೊಟ್ಟರು. ಶಾಂತಿಕಾಲದ ಅತ್ಯುನ್ನತ ಶೌರ್ಯ ಪ್ರಶಸ್ತಿಯಾದ ಅಶೋಕ ಚಕ್ರ ಪಡೆದ ಮೊದಲ ಕಾಶ್ಮೀರಿ ಅವರು. ಅವರ ಪತ್ನಿ ರಾಷ್ಟ್ರಪತಿಯವರ ಕೈಯಿಂದ ಅದನ್ನು ಸ್ವೀಕರಿಸಿದ್ದು 2019ರ ಜನವರಿ 26ರಂದು. ಪುಲ್ವಾಮಾ ದಾಳಿಗೆ ಬರೀ 19 ದಿನ ಮೊದಲು.

19 ದಿನ ಹಿಂದೆ ಕುಲ್ಗಾಮ್‌ನ ಮಗನಿಗೆ ದೇಶ ಎದ್ದು ನಿಂತು ನಮಸ್ಕರಿಸಿತ್ತು. 21ನೇ ದಿನಕ್ಕೆ ಕುಲ್ಗಾಮ್‌ನ ಇನ್ನೊಬ್ಬ ಮಗ ನಮ್ಮ ಹಾಸ್ಟೆಲ್‌ನಲ್ಲಿ ಮಂಚವನ್ನು ಬಾಗಿಲಿಗೆ ಅಡ್ಡ ಇಟ್ಟುಕೊಂಡಿದ್ದ. ಲೇತ್‌ಪೊರಾದಲ್ಲಿ ಗುರು ಅವರ ಜೊತೆ ಮಡಿದ 40 ಮಂದಿಯಲ್ಲಿ ಜಮ್ಮು–ಕಾಶ್ಮೀರದ ರಾಜೌರಿಯ ನಸೀರ್ ಅಹ್ಮದ್ ಕೂಡ ಇದ್ದರು ಎಂಬುದೂ ನನಗೆ ಆಗಷ್ಟೇ ತಿಳಿಯಿತು. ‘ಅಲ್ಲಿಯೋನು’ ಎಂದು ನಾನು ಬೆರಳು ತೋರಿಸಿದ ಕಡೆಯಿಂದಲೂ ಒಂದು ಶವಪೆಟ್ಟಿಗೆ ಮನೆ ಸೇರಿತ್ತು. ನಮ್ಮವರನ್ನು ಕೊಂದವರು ಕಾಶ್ಮೀರದ ತಾಯಂದಿರ ಮಕ್ಕಳನ್ನೂ ಕೊಲ್ಲುತ್ತಿದ್ದಾರೆ. ಕಾಶ್ಮೀರಿಗಳೆಲ್ಲ ಬೇರೆ, ಉಳಿದ ದೇಶವೇ ಬೇರೆ ಎಂದು ತೋರಿಸುವುದು ಆ ಪ್ರತ್ಯೇಕತಾವಾದಿಗಳಿಗೆ ಬೇಕಿರುವ ಮಾತು. ಅವರ ಪರವಾಗಿ ಅದನ್ನು ನಮ್ಮ ಹಾಸ್ಟೆಲ್ ಬಾಗಿಲ ಮೇಲೆ ಬರೆದುಕೊಟ್ಟವರು ನಾವು.

*

ಫೆಬ್ರುವರಿ 14 ಬಂದರೆ ಪುಲ್ವಾಮಾ ದಾಳಿಯ ನೆನಪು. ಲೇತ್‌ಪೊರಾದ ಸಿಆರ್‌ಪಿಎಫ್ ಶಿಬಿರದಲ್ಲಿ 40 ಮಂದಿಯ ಹೆಸರಿರುವ ಸ್ಮಾರಕ ಸಿದ್ಧವಾಗಿದೆ. ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಚಿತ್ರಗಳು ಬರುತ್ತವೆ. ಅದರಲ್ಲಿ ನಿಜದವೂ ಇರುತ್ತವೆ, ಸುಳ್ಳಿನವೂ ಇರುತ್ತವೆ. ಗೆಳೆಯರೇ, ನಿಮಗೂ ಸಿಟ್ಟು ಬರಬಹುದು. ಬರಲಿ. ಕಳಿಸುವ ಮೊದಲು ಒಂದು ಸಲ ಕೇಳಿಕೊಳ್ಳಿ, ಇದು ಈಗ ಯಾರ ಬಾಗಿಲಿಗೆ ಹೋಗುತ್ತದೆ? ಎಂದು. ನಾನು ಅಂದು ಕೇಳಿಕೊಳ್ಳದೇ ಹೋದ ಪ್ರಶ್ನೆ ಅದೊಂದೇ.

ಅಂದು ನಾನು, ನಮ್ಮೂರ ಗೆಳೆಯ ಇಬ್ಬರೂ ಗುರು ಅವರ ಸಮಾಧಿಗೆ ಹೋಗಿ ಬರಬೇಕು ಎಂದುಕೊಂಡಿದ್ದೇವೆ. ಗೆಳೆಯ ಈಗಲೂ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಾನೆ.  ಕುಲ್ಗಾಮ್‌ನ ಹುಡುಗನನ್ನೂ ಕರೆದಿದ್ದೇನೆ. ಮದ್ದೂರಿನಲ್ಲಿ ವಡೆ ಕೊಡಿಸುತ್ತೇನೆ ಎಂದೂ ಹೇಳಿದ್ದೇನೆ.

‘ನೋಡೋಣ’ ಎಂದಿದ್ದಾನೆ. ಬಂದರೆ ನನಗೆ ಸಂತೋಷ. ಬರಲು ಹೆದರಿದರೆ, ಆ ಹೆದರಿಕೆ ಹುಟ್ಟಿಸಿದ್ದು ನಾನು ಎಂಬುದನ್ನು ಮರೆಯುವುದಿಲ್ಲ.